ತಿದ್ದಿದ ವರದಿಗೆ ಲೆಕ್ಕವಿಲ್ಲ, ಹೊದಿಸಿದ ಶಾಲಿಗೆ ಪುಟವಿದೆ

ಇವರಿಗೆ,
ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪದವಿ ಕಾಲೇಜುಗಳ ಹೊಣೆ ಹೊತ್ತಿರುವ ಕುಲಪತಿಗಳು, ಕಾಲೇಜು ಶಿಕ್ಷಣದ ಅಧಿಕಾರಿಗಳು ಹಾಗೂ ಪ್ರಾಂಶುಪಾಲರು

ವಿಷಯ: ಪತ್ರಿಕೋದ್ಯಮ ಅಧ್ಯಾಪಕರ ವೃತ್ತಿಪರ ಕೆಲಸವನ್ನು ವಾರ್ಷಿಕ ಮೌಲ್ಯಮಾಪನದಲ್ಲಿ ಪರಿಗಣಿಸುವ ಬಗ್ಗೆ

ಮಾನ್ಯರೇ,

ಶೈಕ್ಷಣಿಕ ವರ್ಷ ಮುಗಿಯುತ್ತಿದ್ದಂತೆ ಕಾಲೇಜಿನ ಐಕ್ಯೂಎಸಿಯಿಂದ (ಆಂತರಿಕ ಗುಣಮಟ್ಟ ನೋಡಿಕೊಳ್ಳುವ ಘಟಕ) ಎಲ್ಲ ವಿಭಾಗಗಳಿಗೂ ಒಂದು ನಮೂನೆ ಬರುತ್ತದೆ: ‘ಅಧ್ಯಾಪಕರ ವೃತ್ತಿಪರ ಚಟುವಟಿಕೆಗಳು ಮತ್ತು ಸಾಧನೆಗಳು’. ಪ್ರಕಟವಾದ ಪ್ರಬಂಧಗಳೆಷ್ಟು, ಭಾಗವಹಿಸಿದ ವಿಚಾರ ಸಂಕಿರಣಗಳೆಷ್ಟು, ಸಂಪನ್ಮೂಲ ವ್ಯಕ್ತಿಯಾಗಿ ಹೋದದ್ದೆಲ್ಲಿಗೆ, ಬಂದ ಪ್ರಶಸ್ತಿ ಯಾವುದು ಎಂದು ಕೇಳುವ ಕಾಲಂಗಳು ಅದರಲ್ಲಿರುತ್ತವೆ. ರಸಾಯನಶಾಸ್ತ್ರಕ್ಕೂ ವಾಣಿಜ್ಯಶಾಸ್ತ್ರಕ್ಕೂ ಪತ್ರಿಕೋದ್ಯಮಕ್ಕೂ ಅವೇ ಕಾಲಂ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಸಲ್ಲಿಸುವ ವರದಿಗೂ ಬಡ್ತಿಯ ಕಡತಕ್ಕೂ ಮಾಹಿತಿ ಹೋಗುವುದು ಇಲ್ಲಿಂದಲೇ. ಪತ್ರಿಕೋದ್ಯಮ ಕಲಿಸುವವರು ವರ್ಷವಿಡೀ ಮಾಡುವ ಕೆಲಸದ ಬಹುಪಾಲು ಈ ಯಾವ ಕಾಲಂನಲ್ಲೂ ಕೂರುವುದಿಲ್ಲ. ಹಾಗಾಗಿ ಅದು ಕಾಗದದ ಮೇಲೆ ನಡೆದೇ ಇಲ್ಲ ಎಂದಾಗುತ್ತದೆ. ಈ ಪತ್ರ ಬರೆಯಲು ಅದೇ ಕಾರಣ.

ನಿಯಮದ ಮಾತನ್ನು ಮೊದಲು ಮುಗಿಸಿಬಿಡೋಣ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯ ಸಂಶೋಧನಾ ಅಂಕದ ಕೋಷ್ಟಕದಲ್ಲಿ ಮಾನವಿಕ, ಸಮಾಜ ವಿಜ್ಞಾನಗಳ ಅಧ್ಯಾಪಕರಿಗೆ ಒಂದು ಪ್ರಬಂಧಕ್ಕೆ 10 ಅಂಕವಿದೆ. ರಾಷ್ಟ್ರೀಯ ಪ್ರಕಾಶಕರು ತಂದ ಪುಸ್ತಕಕ್ಕೆ 10, ಸಂಪಾದಿತ ಗ್ರಂಥದ ಅಧ್ಯಾಯಕ್ಕೆ 5, ಅನುವಾದಿಸಿದ ಒಂದು ಅಧ್ಯಾಯಕ್ಕೆ 3, ರಾಜ್ಯ ಮಟ್ಟದ ಆಹ್ವಾನಿತ ಉಪನ್ಯಾಸಕ್ಕೆ 2. ತನಿಖಾ ವರದಿಗೆ, ಸಾಕ್ಷ್ಯಚಿತ್ರಕ್ಕೆ, ರೇಡಿಯೊ ಕಾರ್ಯಕ್ರಮಕ್ಕೆ, ವಿದ್ಯಾರ್ಥಿಗಳ ಪ್ರಾಯೋಗಿಕ ಪತ್ರಿಕೆಯ ಸಂಪಾದಕತ್ವಕ್ಕೆ ಆ ಕೋಷ್ಟಕದಲ್ಲಿ ಸಾಲೇ ಇಲ್ಲ. ಅಧ್ಯಾಪಕರ ಸಾಧನೆಗೆ ಅಂಕ ಕೊಡುತ್ತಿದ್ದ 2010ರ ಎಪಿಐ ಪಟ್ಟಿಯ ಎರಡನೇ ವರ್ಗದಲ್ಲಿ ‘ಸಾಮಾನ್ಯ ಲೇಖನ’ಗಳಿಗೆ ಮೂಲೆಯಲ್ಲಾದರೂ ಒಂದು ಜಾಗವಿತ್ತು, 2018ರಲ್ಲಿ ಅದೂ ಹೋಯಿತು. ಉಳಿದಿರುವ ಒಂದೇ ಕಿಂಡಿ ಮೊದಲ ಕೋಷ್ಟಕದ ‘ವಿದ್ಯಾರ್ಥಿ ಸಂಬಂಧಿ ಮತ್ತು ಕ್ಷೇತ್ರಾಧಾರಿತ ಚಟುವಟಿಕೆ’. ಅಲ್ಲಿ ಎನ್‌ಎಸ್‌ಎಸ್ ಶಿಬಿರ, ಅಧ್ಯಯನ ಪ್ರವಾಸ, ಸಾಂಸ್ಕೃತಿಕ ಸಮಿತಿ ಎಲ್ಲವೂ ಒಂದೇ ಗಂಟಿನಲ್ಲಿವೆ. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದವರಿಗೂ ವರ್ಷವಿಡೀ ಪತ್ರಿಕೆ ತಂದವರಿಗೂ ಅಲ್ಲಿ ಬೀಳುವುದು ಒಂದೇ ಟಿಕ್ ಗುರುತು.

ಪ್ರಬಂಧಗಳ ಕಥೆ ತಮಗೆ ಗೊತ್ತಿರುವುದೇ. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ನಿಯತಕಾಲಿಕಗಳನ್ನು ಕಿತ್ತುಹಾಕಿತು. ಆಮೇಲೆ ಬಂದ ಒಪ್ಪಿತ ನಿಯತಕಾಲಿಕಗಳ ‘ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಹಣ ಕಟ್ಟಿದರೆ ವಾರದೊಳಗೆ ಪ್ರಕಟಿಸುವ ಪತ್ರಿಕೆಗಳು ಈ ಎರಡು ಪಟ್ಟಿಗಳ ನಡುವೆಯೂ ಬದುಕಿದ್ದವು, ಈಗಲೂ ಬದುಕಿವೆ. ಅಂಥದೊಂದರಲ್ಲಿ ಬಂದ ‘ಸಾಮಾಜಿಕ ಮಾಧ್ಯಮ ಮತ್ತು ಯುವಜನ’ ಎಂಬ ಐದು ಪುಟ ನಮೂನೆಯಲ್ಲಿ ಸಾಧನೆಯಾಗಿ ನಮೂದಾಗುತ್ತದೆ. ಪತ್ರಿಕೋದ್ಯಮದಲ್ಲಿ ಸಂಶೋಧನೆ ಬೇಡವೆಂದು ನಾವು ಹೇಳುತ್ತಿಲ್ಲ. ಜಿಲ್ಲಾ ಪತ್ರಿಕೆಗಳ ಆರ್ಥಿಕತೆ, ಗಡಿ ತಾಲ್ಲೂಕುಗಳಲ್ಲಿ ತೆಲುಗು-ಕನ್ನಡ ಓದುಗರ ಅಭ್ಯಾಸ ಇವುಗಳ ಬಗ್ಗೆ ಒಳ್ಳೆಯ ಅಧ್ಯಯನ ಆಗಬೇಕಾದದ್ದು ಬೇಕಾದಷ್ಟಿದೆ. ನಮ್ಮ ತಕರಾರು ಇಷ್ಟೇ: ಸಂಶೋಧನೆಯೊಂದೇ ಸಾಧನೆ, ಕೈಕೆಲಸ ಸಾಧನೆಯಲ್ಲ ಎಂಬ ಲೆಕ್ಕಾಚಾರ ಈ ವಿಷಯಕ್ಕೆ ಒಗ್ಗುವುದಿಲ್ಲ.

ಕೈಕೆಲಸ ಎಂದರೆ ಏನು ಎಂದು ಕೇಳಬಹುದು. ಕೋಲಾರದ ಎಪಿಎಂಸಿಗೆ ಹೋಗಿಬಂದ ಎರಡನೇ ವರ್ಷದ ವಿದ್ಯಾರ್ಥಿಯ ವರದಿಯೊಂದು ಅಧ್ಯಾಪಕರ ಮೇಜಿಗೆ ಬಂತೆನ್ನಿ. ‘ಟೊಮೆಟೊ ದರ ಪಾತಾಳಕ್ಕೆ: ರೈತ ಕಂಗಾಲು’ ಎಂದು ತಲೆಬರಹ. ಒಳಗೆ ‘ದರ 180 ರೂಪಾಯಿಗೆ ಇಳಿದಿದೆ’ ಎಂಬ ವಾಕ್ಯ. ಯಾವುದಕ್ಕೆ 180? ಹರಾಜು ನಡೆಯುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣ ದರ ಕೊಡುವುದು ಕ್ವಿಂಟಲ್ ಲೆಕ್ಕದಲ್ಲಿ, ಅದೂ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬಗೆಯಲ್ಲಿ. ಬಾಕ್ಸಿಗೆ 180 ಎಂದರೆ ಕ್ವಿಂಟಲ್‌ಗೆ 1,200. ವಿದ್ಯಾರ್ಥಿ ಹಿಂದಿನ ವಾರದ ಕ್ವಿಂಟಲ್ ದರದ ಪಕ್ಕ ಈ ವಾರದ ಬಾಕ್ಸ್ ದರ ಇಟ್ಟು ‘ಪಾತಾಳ’ ಎಂದು ಬರೆದಿದ್ದರೆ ಇಡೀ ವರದಿಯೇ ಸುಳ್ಳು. ಒಂದು ಮಂಡಿಯಲ್ಲಿ ಒಂದು ಲಾಟಿಗೆ ಕೂಗಿದ ಕನಿಷ್ಠ ದರವನ್ನು ಮಾರುಕಟ್ಟೆಯ ದರವೆಂದು ಬರೆದರೂ ಅಷ್ಟೇ. ಕಂಗಾಲಾದ ರೈತ ಯಾರು, ಯಾವ ಊರು, ಎಷ್ಟು ಎಕರೆ, ಎಷ್ಟನೇ ಕೊಯ್ಲು? ಬಾಕ್ಸ್ ಬಾಡಿಗೆ, ಸಾಗಣೆ, ಹಮಾಲಿ, ಕಮಿಷನ್, ಕೊಯ್ಲಿನ ಕೂಲಿ ಕಳೆದು ಅವನ ಕೈಗೆ ಬಂದದ್ದೆಷ್ಟು? ಇದನ್ನೆಲ್ಲ ಕೇಳಿ, ಬರೆದುಕೊಟ್ಟು, ಹುಡುಗನನ್ನು ಮತ್ತೆ ಮಾರುಕಟ್ಟೆಗೆ ಕಳಿಸಿ, ಎರಡನೇ ಪ್ರತಿ ಓದಿ, ತಲೆಬರಹ ಬದಲಿಸುವ ಹೊತ್ತಿಗೆ ಅಧ್ಯಾಪಕರ ಒಂದು ಮಧ್ಯಾಹ್ನ ಮುಗಿದಿರುತ್ತದೆ. ಪ್ರಕಟವಾದಾಗ ಹೆಸರು ಬರುವುದು ವಿದ್ಯಾರ್ಥಿಯದು, ಬರಬೇಕಾದ್ದೂ ಹಾಗೆಯೇ. ಆದರೆ ಆ ಮಧ್ಯಾಹ್ನ ನಮೂನೆಯ ಯಾವ ಕಾಲಂಗೆ ಹೋಗಬೇಕು?

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ವರದಿಯಾದರೆ ಕೆಲಸ ಇನ್ನೂ ಸೂಕ್ಷ್ಮ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಹರಿದ ಆ ನೀರನ್ನು ‘ಕೊಳಚೆ ನೀರು’ ಎಂದು ಬರೆಯುವವರೂ ಇದ್ದಾರೆ, ‘ಶುದ್ಧ ನೀರು’ ಎಂದು ಬರೆಯುವವರೂ ಇದ್ದಾರೆ. ಅದು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು. ಯೋಜನೆಯ ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದೇ ಹೊರತು ಕೆರೆಗೆ ಮೋಟರು ಇಟ್ಟು ಹೊಲಕ್ಕೆ ಎತ್ತುವುದಲ್ಲ. ಕೊಳವೆ ಬಾವಿಯಲ್ಲಿ ನೀರಿನ ಮಟ್ಟ ಏರಿದ್ದೂ ಸುದ್ದಿ, ನೀರಿನ ಗುಣಮಟ್ಟದ ಪ್ರಶ್ನೆಯೂ ಸುದ್ದಿ. ಇವೆರಡನ್ನೂ ಒಂದೇ ವರದಿಯಲ್ಲಿ ಇಡಲು, ಪ್ರಯೋಗಾಲಯದ ವರದಿಯಲ್ಲಿನ ಮಿಲಿಗ್ರಾಂ ಪ್ರತಿ ಲೀಟರ್ ಎಂಬ ಅಂಕಿಯನ್ನು ಓದಲು ಕಲಿಸಬೇಕು. ಫ್ಲೋರೈಡ್‌ಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಎಂಬುದು ಗೊತ್ತಿಲ್ಲದ ವರದಿಗಾರ ಪಾವಗಡದಲ್ಲೋ ಬಾಗೇಪಲ್ಲಿಯಲ್ಲೋ ಏನು ಬರೆದಾನು? ಪಾವಗಡದ ಸೋಲಾರ್ ಪಾರ್ಕ್ ಎಂದರೆ 13,000 ಎಕರೆ, 2,050 ಮೆಗಾವಾಟ್ ಎಂದು ಎಲ್ಲರೂ ಬರೆಯುತ್ತಾರೆ. ಗುತ್ತಿಗೆಗೆ ಕೊಡಲು ಜಮೀನೇ ಇಲ್ಲದ ಕೂಲಿಗಳು ಏನಾದರು ಎಂದು ಕೇಳುವಂತೆ ಮಾಡುವುದು ಪಾಠ ಮಾಡುವವರ ಕೆಲಸ.

ಇನ್ನು ಪ್ರಾಯೋಗಿಕ ಪತ್ರಿಕೆ. ನಾಲ್ಕು ಪುಟದ ಟ್ಯಾಬ್ಲಾಯ್ಡ್ ಎಂದರೆ ಹೊರಗಿನವರಿಗೆ ಚಿಕ್ಕದಾಗಿ ಕಾಣುತ್ತದೆ. ಚಿಕ್ಕಪುಟ್ಟವೆಲ್ಲ ಸೇರಿ ಅದರಲ್ಲಿ 20ರಿಂದ 25 ಬರಹ ಹಿಡಿಸುತ್ತವೆ. ಒಂದೊಂದನ್ನೂ ಸಂಗತಿಗೆ ಒಮ್ಮೆ, ಭಾಷೆಗೆ ಒಮ್ಮೆ, ತಲೆಬರಹ ಮತ್ತು ಚಿತ್ರಶೀರ್ಷಿಕೆಗೆ ಒಮ್ಮೆ ನೋಡಬೇಕು. ಬರಹಕ್ಕೆ 40 ನಿಮಿಷ ಹಿಡಿದರೂ ಸಂಚಿಕೆಗೆ 13ರಿಂದ 17 ಗಂಟೆ ತಿದ್ದುವುದಕ್ಕೇ ಬೇಕು. ಪುಟವಿನ್ಯಾಸ ಬೇರೆ, ಕೊನೆಯ ಕರಡು ಬೇರೆ.

ಕೆಡುವುದು ಹೆಚ್ಚಾಗಿ ಪುಟವಿನ್ಯಾಸದಲ್ಲೇ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಊರಿನ ಬಹಳಷ್ಟು ಮುದ್ರಣಾಲಯಗಳು ಇನ್ನೂ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಪುಟ ಕಟ್ಟುತ್ತವೆ. ಪರಿವರ್ತಕದಲ್ಲಿ ಹಾಕಿದಾಗ ‘ರ‍್ಯಾಲಿ’, ‘ರ‍್ಯಾಂಕ್’ ತರಹದ ಪದಗಳು ಒಡೆಯುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಕೂರುತ್ತದೆ, ಇಂಗ್ಲಿಷ್ ಅಕ್ಷರದಲ್ಲಿದ್ದ ಇಮೇಲ್ ವಿಳಾಸ ತಲೆಬುಡವಿಲ್ಲದ ಕನ್ನಡ ಅಕ್ಷರಗಳ ಸಾಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಕುಗ್ಗಿರುತ್ತದೆ. ಮುದ್ರಣಕ್ಕೆ ಅಚ್ಚಿನ ಅಳತೆಯಲ್ಲೇ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಬೇಕು ಎಂಬುದು ಪುಟ ಅಚ್ಚಾಗಿ ಮುಖಗಳು ಮಸುಕಾದ ಮೇಲೆ ಅರಿವಾಗುತ್ತದೆ. ಮೊದಲೇ ಹೇಳಿಕೊಟ್ಟರೆ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂಬ ಒಂದು ಮಾತಿನಲ್ಲಿ ಮುಗಿಯುವ ವಿಷಯ. ಮುದ್ರಣದ ಬಿಲ್ಲು ಮಂಜೂರಾಗುವ ಹೊತ್ತಿಗೆ ಸೆಮಿಸ್ಟರ್ ಕಳೆದಿರುತ್ತದೆ. ಹೀಗಾಗಿ ಅನೇಕ ಕಡೆ ಪತ್ರಿಕೆಯ ‘ಸಂಚಿಕೆ’ ನ್ಯಾಕ್ ತಂಡ ಬರುವ ವರ್ಷ ಮಾತ್ರ ಕಾಣಿಸಿಕೊಳ್ಳುತ್ತದೆ. ಇದನ್ನು ಕಟುವಾಗಿಯೇ ಹೇಳಬೇಕು.

ಮಾಹಿತಿ ಹಕ್ಕಿನ ಪಾಠವನ್ನು ತೆಗೆದುಕೊಳ್ಳಿ. ಅರ್ಜಿ ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಮಿತಿ, ಉತ್ತರಕ್ಕೆ 30 ದಿನ. 16 ವಾರದ ಸೆಮಿಸ್ಟರಿನಲ್ಲಿ ಅರ್ಜಿ ಎರಡನೇ ವಾರಕ್ಕೇ ಹೋಗಬೇಕು. ಆರನೇ ವಾರಕ್ಕೆ ಹೋದರೆ ಉತ್ತರ ಬರುವುದು ಹತ್ತನೇ ವಾರ ದಾಟಿದ ಮೇಲೆ. ಉತ್ತರ ಅಪೂರ್ಣವಾಗಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30ರಿಂದ 45 ದಿನ. ಅಷ್ಟರಲ್ಲಿ ಪರೀಕ್ಷೆ ಮುಗಿದು ವಿದ್ಯಾರ್ಥಿ ಊರಿಗೆ ಹೋಗಿರುತ್ತಾನೆ. ಹೀಗೆ ದಿನ ಎಣಿಸಿ ಪಾಠದ ಯೋಜನೆ ಮಾಡುವ ಅಧ್ಯಾಪಕರೂ ಇದ್ದಾರೆ, ನಮೂನೆ ಅರ್ಜಿಯೊಂದನ್ನು ನೋಟ್ಸಿನಲ್ಲಿ ಬರೆಸಿ ಮುಗಿಸುವವರೂ ಇದ್ದಾರೆ. ತಮ್ಮ ಮೌಲ್ಯಮಾಪನದಲ್ಲಿ ಇವರಿಬ್ಬರೂ ಸಮಾನರು.

ಕಾನೂನಿನ ಹೊಣೆಯೂ ಇದೆ. ಈಗ ಬಹುತೇಕ ವಿಭಾಗಗಳಿಗೆ ಯೂಟ್ಯೂಬ್ ಚಾನೆಲ್, ಇನ್‌ಸ್ಟಾಗ್ರಾಂ ಪುಟ ಇದೆ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರನ್ನಷ್ಟೇ ಅಲ್ಲ, ವಿಳಾಸ, ಶಾಲೆ, ಕುಟುಂಬದ ವಿವರ, ನೆರೆಹೊರೆ, ಒಟ್ಟಿನಲ್ಲಿ ಗುರುತು ಹತ್ತಬಹುದಾದ ಏನನ್ನೂ ಪ್ರಕಟಿಸಬಾರದು ಎನ್ನುತ್ತದೆ. ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತಿನ ಬಗ್ಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ. ಹಳ್ಳಿಯ ಹೆಸರು, ತಂದೆಯ ಕಸುಬು, ತರಗತಿ, ಈ ಮೂರು ಸೇರಿದರೆ ಸಣ್ಣ ಊರಿನಲ್ಲಿ ಹೆಸರು ಹೇಳುವುದೇ ಬೇಡ. ಅಂಥ ಒಂದು ಸಾಲನ್ನು ಅಪ್‌ಲೋಡ್ ಆಗುವ ಮುನ್ನ ಹಿಡಿದು ಅಳಿಸಿದ್ದಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ.

ರೇಡಿಯೊ ವಿಷಯದಲ್ಲಿ ನಮ್ಮ ಭಾಗ ಹಿಂದುಳಿದದ್ದಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ 2000ದ ದಶಕದ ಆರಂಭದಲ್ಲೇ ಕೇಬಲ್ ಮೂಲಕ ಹಳ್ಳಿಯ ಮಾತನ್ನು ಮನೆಗಳಿಗೆ ಮುಟ್ಟಿಸಿತು. ತುಮಕೂರಿನಲ್ಲಿ ರೇಡಿಯೊ ಸಿದ್ಧಾರ್ಥ 90.8ರಲ್ಲಿ ಕೇಳಿಸುತ್ತದೆ. ಸಮುದಾಯ ರೇಡಿಯೊದಲ್ಲಿ ಸ್ವಂತ ಸುದ್ದಿ ಪ್ರಸಾರಕ್ಕೆ ಅವಕಾಶವಿಲ್ಲ, ಹವಾಮಾನ, ಆರೋಗ್ಯ, ನೀರು-ವಿದ್ಯುತ್ತಿನ ಮಾಹಿತಿಗೆ ಇದೆ. ಈ ಗೆರೆ ಎಲ್ಲಿದೆ ಎಂದು ಕಲಿಸುವುದೇ ಒಂದು ಪಾಠ. ಹದಿನೈದು ನಿಮಿಷದ ಕಾರ್ಯಕ್ರಮಕ್ಕೆ ಹೊಲದಲ್ಲಿ ದನಿ ಹಿಡಿಯುವಾಗ ಗಾಳಿಗೆ ಮೈಕಿನ ಮೇಲೆ ಸ್ಪಂಜು, ಕೊಠಡಿಯಲ್ಲಾದರೆ ಫ್ಯಾನ್ ಬಂದ್, ಮಾತಿನ ಏರು ಮೈನಸ್ 6 ಡೆಸಿಬಲ್ ದಾಟದಂತೆ ಎಚ್ಚರ, ಕೊನೆಗೆ ಯಾರೂ ಮಾತಾಡದ 30 ಸೆಕೆಂಡಿನ ದನಿ. ಆ 30 ಸೆಕೆಂಡು ಇಲ್ಲದಿದ್ದರೆ ಕತ್ತರಿಸಿ ಜೋಡಿಸಿದ ಕಡೆಯೆಲ್ಲ ಕಿವಿಗೆ ಗುಂಡಿ ಬಿದ್ದಂತೆ ಕೇಳುತ್ತದೆ. ಕಾಲೇಜುಗಳು ಕ್ಯಾಮೆರಾ ಕೊಳ್ಳುತ್ತವೆ, ಮೈಕು, ಹೆಚ್ಚುವರಿ ಬ್ಯಾಟರಿ, ಮೆಮೊರಿ ಕಾರ್ಡು ಕೊಳ್ಳುವುದಿಲ್ಲ. ಕ್ಯಾಮೆರಾ ಬೀರುವಿನಲ್ಲಿರುತ್ತದೆ, ದಾಸ್ತಾನು ಪುಸ್ತಕದಲ್ಲಿ ಲೆಕ್ಕ ಸರಿಯಾಗಿರುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದ ತೊಡಕು ಇನ್ನೊಂದು. ಸರ್ಕಾರಿ ಕಾಲೇಜಿನ ಪತ್ರಿಕೋದ್ಯಮ ಅಧ್ಯಾಪಕರು ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021ಕ್ಕೆ ಒಳಪಟ್ಟವರು. ಸರ್ಕಾರದ ನೀತಿಯನ್ನು ಟೀಕಿಸುವಂತಿಲ್ಲ, ಸಾಹಿತ್ಯ, ಕಲೆ, ವಿಜ್ಞಾನದ ಬರಹ ಬಿಟ್ಟು ಉಳಿದದ್ದಕ್ಕೆ ಅನುಮತಿ ಬೇಕು. ಈಜು ಕಲಿಸುವವರು ನೀರಿಗಿಳಿಯಬೇಕಾದರೆ ಕಡತ ಚಲಿಸಬೇಕು ಎಂದಂತಾಯಿತು. ಅನುಮತಿಗೆ ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ನಿಯಮವನ್ನೇ ತೆಗೆಯಿರಿ ಎನ್ನಲು ಇದು ಜಾಗವಲ್ಲ. ಆದರೆ ಸ್ಥಳೀಯ ಇತಿಹಾಸ, ಮಾರುಕಟ್ಟೆ, ಕೆರೆ, ಭಾಷೆ, ಮಾಧ್ಯಮ ವಿಮರ್ಶೆ ಮುಂತಾದ ವಿಷಯಗಳಿಗೆ ವರ್ಷಕ್ಕೊಮ್ಮೆ ಒಟ್ಟಾರೆ ಅನುಮತಿ ಕೊಡಲು ಅಡ್ಡಿಯೇನು?

ಅತಿಥಿ ಉಪನ್ಯಾಸಕರ ಮಾತು ಬೇರೆಯೇ. ಮೂರು ಜಿಲ್ಲೆಗಳ ಅನೇಕ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪತ್ರಿಕೋದ್ಯಮ ವಿಭಾಗ ಎಂದರೆ ಅವರೇ. ವಾರಕ್ಕೆ 15 ಗಂಟೆಯವರೆಗಿನ ಕಾರ್ಯಭಾರದಲ್ಲಿ ಪಾಠದ ಗಂಟೆ ಮಾತ್ರ ಲೆಕ್ಕ, ಪತ್ರಿಕೆಯ ಗಂಟೆ ಇಲ್ಲ. ವರ್ಷದ ಕೊನೆಗೆ ಕೊಡುವ ಅನುಭವ ಪತ್ರದಲ್ಲಿ ‘ತೃಪ್ತಿಕರವಾಗಿ ಸೇವೆ ಸಲ್ಲಿಸಿರುತ್ತಾರೆ’ ಎಂಬ ಒಂದು ಸಾಲು. ಎಷ್ಟು ಸಂಚಿಕೆ ತಂದರು, ಯಾವ ಕಾರ್ಯಕ್ರಮ ಮಾಡಿಸಿದರು ಎಂದು ಬರೆಯಲು ಇನ್ನೆರಡು ಸಾಲು ಸಾಕಿತ್ತು.

ಇದೆಲ್ಲ ಬಿಟ್ಟು ‘ಸಾಧನೆ’ಯಾಗಿ ದಾಖಲಾಗುವುದು ಏನು? ಜುಲೈ 1ರ ಪತ್ರಿಕಾ ದಿನಾಚರಣೆಯ ವರದಿ ನೋಡಿ. 1843ರ ‘ಮಂಗಳೂರ ಸಮಾಚಾರ’ದ ನೆನಪು, ಮುಳಬಾಗಿಲಿನ ಡಿವಿಜಿಯವರ ಹೆಸರು, ಶಾಲು, ಹಾರ, ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಬಂದ ಫೋಟೊದ ಕತ್ತರಿಕೆ. ಆ ಕತ್ತರಿಕೆಗೆ ವಿಭಾಗದ ವಾರ್ಷಿಕ ವರದಿಯಲ್ಲಿ ಪೂರ್ತಿ ಪುಟ. ಪತ್ರಿಕೆಯಲ್ಲಿ ತಮ್ಮ ಫೋಟೊ ಬರುವುದನ್ನೇ ಪತ್ರಿಕೋದ್ಯಮದ ಸಾಧನೆ ಎಂದು ತೋರಿಸುವ ವಿಭಾಗಗಳಿಗೆ ತಾವೂ ಒಮ್ಮೆ ಕೇಳಬೇಕು: ಇದರಲ್ಲಿ ಮಕ್ಕಳು ಬರೆದದ್ದು ಯಾವುದು?

ಯುಜಿಸಿ 2025ರ ಜನವರಿಯಲ್ಲಿ ಹೊರತಂದ ಕರಡಿನಲ್ಲಿ ‘ಗಮನಾರ್ಹ ಕೊಡುಗೆ’ ಎಂದು ಒಂಬತ್ತು ಕ್ಷೇತ್ರಗಳನ್ನು ಗುರುತಿಸಿತ್ತು. ಭಾರತೀಯ ಭಾಷೆಗಳಲ್ಲಿ ಬೋಧನೆ, ಪ್ರಯೋಗಾಲಯ ಕಟ್ಟುವುದು, ಇಂಟರ್ನ್‌ಶಿಪ್ ಮಾರ್ಗದರ್ಶನ, ಸಮುದಾಯದೊಂದಿಗೆ ಕೆಲಸ ಇವು ಅದರಲ್ಲಿದ್ದವು. ದಿಕ್ಕು ಅದೇ. ಕಾಲೇಜು ಮಟ್ಟದ ನಮೂನೆ ತಿದ್ದಲು ದೆಹಲಿಯ ಗೆಜೆಟ್‌ವರೆಗೆ ಕಾಯಬೇಕಿಲ್ಲ, ಅದು ತಮ್ಮ ಕೈಯಲ್ಲೇ ಇದೆ.

ಆದ್ದರಿಂದ ನಮ್ಮ ಕೋರಿಕೆ ಹೀಗಿದೆ. ವಾರ್ಷಿಕ ನಮೂನೆಗೆ ಪತ್ರಿಕೋದ್ಯಮ ವಿಭಾಗಕ್ಕೆಂದೇ ಒಂದು ಪುಟ ಸೇರಿಸಿ. ಅದರಲ್ಲಿ ಸಂಚಿಕೆಗಳ ಸಂಖ್ಯೆ, ಪ್ರಸಾರವಾದ ಕಾರ್ಯಕ್ರಮ, ಹೊರಗಿನ ಪತ್ರಿಕೆಗಳಲ್ಲಿ ಬಂದ ವಿದ್ಯಾರ್ಥಿಗಳ ವರದಿ, ಅಧ್ಯಾಪಕರದೇ ಬರಹ ಇರಲಿ. ಬರೀ ಪಟ್ಟಿ ಕೇಳಬೇಡಿ, ಪಟ್ಟಿ ಉದ್ದ ಮಾಡುವುದು ಸುಲಭ. ಮೂರು ವರದಿಗಳ ಮೊದಲ ಪ್ರತಿ, ತಿದ್ದಿದ ಪ್ರತಿ, ಪ್ರಕಟವಾದ ಪ್ರತಿ ಇವನ್ನು ಒಟ್ಟಿಗೆ ಕೇಳಿ. ಕಾಲೇಜಿಗೆ ಸಂಬಂಧವಿಲ್ಲದ ಒಬ್ಬ ಹಿರಿಯ ಉಪಸಂಪಾದಕ ಅರ್ಧ ದಿನ ಕೂತರೆ ಯಾರು ತಿದ್ದಿದ್ದಾರೆ, ಯಾರು ಸಹಿ ಮಾತ್ರ ಹಾಕಿದ್ದಾರೆ ಎಂದು ಹೇಳಬಲ್ಲರು. ಕಟ್ಟುನಿಟ್ಟಾಗಿ ಅಳೆಯಿರಿ, ರಿಯಾಯಿತಿ ಬೇಡ.

ಪ್ರಾಯೋಗಿಕ ಪತ್ರಿಕೆ ಇರುವ ಕಡೆ ವಾರಕ್ಕೆ ನಾಲ್ಕು ಗಂಟೆಯನ್ನು ಕಾರ್ಯಭಾರದಲ್ಲಿ ಸೇರಿಸಿ, ಅತಿಥಿ ಉಪನ್ಯಾಸಕರಿಗೂ. ಮುದ್ರಣಕ್ಕೆ ಸೆಮಿಸ್ಟರಿನ ಆರಂಭದಲ್ಲೇ ಮುಂಗಡ ಕೊಡಿ. ಯೂನಿಕೋಡ್‌ನಲ್ಲೇ ಪುಟ ಕಟ್ಟುವ ಮುದ್ರಣಾಲಯಕ್ಕೆ ಕೊಡಬೇಕು ಎಂದು ಷರತ್ತು ಹಾಕಿದರೆ ಅರ್ಧ ರಗಳೆ ಅಲ್ಲೇ ಕಡಿಮೆಯಾಗುತ್ತದೆ. ಬೇಸಿಗೆ ರಜೆಯಲ್ಲಿ ಎರಡು ವಾರ ಸುದ್ದಿಮನೆಯಲ್ಲಿ ಕೆಲಸ ಮಾಡಿಬಂದ ಅಧ್ಯಾಪಕರಿಗೆ ಅದನ್ನು ಪುನಶ್ಚೇತನ ಶಿಬಿರಕ್ಕೆ ಸಮನೆಂದು ಪರಿಗಣಿಸುವಂತೆ ಮೇಲಿನವರಿಗೆ ಶಿಫಾರಸು ಮಾಡಿ. ಯುಜಿಸಿಯ 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ 15 ವರ್ಷದ ಅನುಭವವುಳ್ಳ ವೃತ್ತಿನಿರತರನ್ನು ಕರೆತರಲು ದಾರಿ ಮಾಡಿದೆ, ಒಳ್ಳೆಯದು. ಸುದ್ದಿಮನೆಯಿಂದ ತರಗತಿಗೆ ಬಾಗಿಲು ತೆರೆದವರು ತರಗತಿಯಿಂದ ಸುದ್ದಿಮನೆಗೂ ತೆರೆಯಬೇಕು. ಬರೆಯಲು ಅನುಮತಿ ಕೇಳಿದ ಅರ್ಜಿಗೆ 15 ದಿನದಲ್ಲಿ ಉತ್ತರ ಕೊಡಿ, ನಿರಾಕರಿಸಿದರೆ ಕಾರಣ ಬರೆಯಿರಿ.

ಮುಂದಿನ ಒಂದು ಸೆಮಿಸ್ಟರಿಗೆ ಜಿಲ್ಲೆಗೊಂದರಂತೆ ಮೂರು ಕಾಲೇಜುಗಳಲ್ಲಿ ಈ ಪುಟವನ್ನು ಪ್ರಯೋಗಿಸಿ ನೋಡಬಹುದು. ನಮೂನೆಯ ಕರಡು ನಮ್ಮಲ್ಲಿ ಸಿದ್ಧವಿದೆ, ವರದಿಗಳನ್ನು ಓದಿ ಅಭಿಪ್ರಾಯ ಬರೆದುಕೊಡಲು ಸಂಭಾವನೆಯಿಲ್ಲದೆ ಬರುತ್ತೇವೆ. ಕರೆದರೆ ಕೂತು ಮಾತಾಡೋಣ.

ಸೇವೆಯಲ್ಲಿರುವ ಅಧ್ಯಾಪಕರು ಯಾರೂ ಈ ಪತ್ರಕ್ಕೆ ಸಹಿ ಹಾಕಿಲ್ಲ. ಕಾರಣ, ಮೇಲೆ ಹೇಳಿದ ನಿಯಮವೇ.

ಇಂತಿ ತಮ್ಮ ವಿಶ್ವಾಸಿಗಳು,
ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ನಿವೃತ್ತ ಪತ್ರಿಕೋದ್ಯಮ ಅಧ್ಯಾಪಕರು ಹಾಗೂ ಜಿಲ್ಲಾ ಪತ್ರಿಕೆಗಳ ಸುದ್ದಿ ಸಂಪಾದಕರು